ಆಧಾರ ಒಂದು, ಮೋಡ್ ಆರು: ಬ್ಯಾಕಿಂಗ್ ಟ್ರ್ಯಾಕ್ ಜೊತೆ ಗಿಟಾರ್ ಅಭ್ಯಾಸ

ಮಂಗಳೂರು, ಉಡುಪಿ ಕಡೆ ಗಿಟಾರ್ ಹಿಡಿದವರಲ್ಲಿ ಹೆಚ್ಚಿನವರಿಗೆ ಕಾರ್ಡ್‌ಗಳು ಚೆನ್ನಾಗಿ ಬರುತ್ತವೆ. ಚರ್ಚಿನ ಕಾಯಿರ್ ಇರಲಿ, ಮದುವೆಗೆ ಮುಂಚಿನ ರೋಸ್ ಕಾರ್ಯಕ್ರಮವಿರಲಿ, ಕಾಲೇಜಿನ ಬ್ಯಾಂಡ್ ಇರಲಿ, ಅಲ್ಲಿ ಬೇಕಾಗುವುದು ಕಾರ್ಡ್ ಮತ್ತು ತಾಳ. ಸೋಲೊ ನುಡಿಸಬೇಕೆಂದು ಹೊರಟಾಗ ತೊಡಕು ಶುರು. ಐದು ಸ್ವರಗಳ ಪೆಂಟಟೋನಿಕ್ ಸ್ಕೇಲ್ ಒಂದು ಕೈಗೆ ಬಂದಿರುತ್ತದೆ. ಮುಂದೆ ಮೋಡ್, ಅಂದರೆ ಮೇಜರ್ ಸ್ಕೇಲಿನ ಸ್ವರಗಳನ್ನೇ ಬೇರೆ ಬೇರೆ ಸ್ವರವನ್ನು ಆಧಾರ ಮಾಡಿಕೊಂಡು ನುಡಿಸುವ ಸ್ವರಸಾಲು, ಕಲಿಯೋಣ ಎಂದು ಪುಸ್ತಕ ತೆರೆದರೆ ಏಳು ಗ್ರೀಕ್ ಹೆಸರು, ಏಳು ಚೌಕಟ್ಟು (ಬೆರಳಿಡುವ ಜಾಗಗಳ ನಕ್ಷೆ). ಎಲ್ಲವನ್ನೂ ಬಾಯಿಪಾಠ ಮಾಡಿ ನುಡಿಸಿದರೂ ಏಳೂ ಒಂದೇ ಥರ ಕೇಳುತ್ತವೆ.

ಕಲಿಸುವ ಕ್ರಮದಲ್ಲೇ ಇದಕ್ಕೆ ಕಾರಣವಿದೆ. ಸಿ ಮೇಜರ್ ಸ್ವರಗಳನ್ನು ಡಿಯಿಂದ ಶುರು ಮಾಡಿದರೆ ಡೋರಿಯನ್, ಇಯಿಂದ ಶುರು ಮಾಡಿದರೆ ಫ್ರಿಜಿಯನ್ ಎಂದು ಹೇಳಿಕೊಡುತ್ತಾರೆ. ಲೆಕ್ಕ ಸರಿಯೇ. ಆದರೆ ಹಿಂದೆ ಸಿ ಕಾರ್ಡ್ ಮೊಳಗುತ್ತಿರುವಾಗ ನೀವು ಎಲ್ಲಿಂದ ಶುರು ಮಾಡಿದರೂ ಕಿವಿಗೆ ಅದು ಸಿ ಮೇಜರೇ. ಷಡ್ಜ, ಅಂದರೆ ಆಧಾರದ ‘ಸ’, ಯಾವುದೆಂದು ತೀರ್ಮಾನಿಸುವುದು ಹಿಂದೆ ನಿಂತ ಶ್ರುತಿ. ಬೆರಳು ಎಲ್ಲಿಂದ ಹೊರಟಿತು ಎಂಬುದಕ್ಕೆ ಅಲ್ಲಿ ಬೆಲೆಯಿಲ್ಲ. ಯಕ್ಷಗಾನದ ಆಟಕ್ಕೆ ಹೋದವರೆಲ್ಲ ಇದನ್ನು ಕೇಳಿಯೇ ಇರುತ್ತಾರೆ: ಭಾಗವತರ ಪದ್ಯ ಎಲ್ಲೇ ತಿರುಗಲಿ, ಹಿಂದಿನ ಶ್ರುತಿ ಕದಲುವುದಿಲ್ಲ.

ಕರ್ನಾಟಕ ಸಂಗೀತದ ಪಾಠಕ್ಕೆ ಹೋದವರಿಗೆ ಮೇಲಿನ ಲೆಕ್ಕ ಗ್ರಹಭೇದ ಎಂಬ ಹೆಸರಿನಲ್ಲಿ ಗೊತ್ತು. ಶಂಕರಾಭರಣದ ರಿಷಭವನ್ನು ಷಡ್ಜವೆಂದುಕೊಂಡರೆ ಖರಹರಪ್ರಿಯ, ಗಾಂಧಾರವನ್ನು ಅಂದುಕೊಂಡರೆ ತೋಡಿ, ಮಧ್ಯಮದಿಂದ ಕಲ್ಯಾಣಿ, ಪಂಚಮದಿಂದ ಹರಿಕಾಂಭೋಜಿ, ಧೈವತದಿಂದ ನಠಭೈರವಿ. ನಿಷಾದದಿಂದ ಹೊರಟರೆ ಶುದ್ಧವಾದ ಪಂಚಮ ಸಿಗುವುದಿಲ್ಲ, ಹಾಗಾಗಿ ಅದು ಮೇಳಕರ್ತ (ಮೂಲ ರಾಗ) ಆಗದು. ಪಾಶ್ಚಾತ್ಯರು ಅದಕ್ಕೂ ಲೋಕ್ರಿಯನ್ ಎಂಬ ಹೆಸರು ಇಟ್ಟಿದ್ದಾರೆ. ಸದ್ಯಕ್ಕೆ ಅದನ್ನು ಬಿಡಿ. ಉಳಿದ ಆರನ್ನು ಒಂದೇ ಷಡ್ಜದ ಮೇಲೆ ಕಲಿಯಿರಿ. ಈ ಲೇಖನದ ಉದ್ದಕ್ಕೂ ಆ ಷಡ್ಜ ಎ.

ಎ ಯಾಕೆಂದರೆ ಗಿಟಾರಿನ 5ನೇ ತಂತಿಯನ್ನು ಒತ್ತದೆ ಮೀಟಿದರೆ ಬರುವುದೇ ಎ, 110 ಹರ್ಟ್ಸ್. ಹಾರ್ಮೋನಿಯಂನಲ್ಲಿ ಅದು ಬಿಳಿ ಆರು, ಅಂದರೆ ಸಿಯಿಂದ ಎಣಿಸಿದರೆ ಆರನೇ ಬಿಳಿ ಕೀಲಿ. ಮನೆಯಲ್ಲಿ ಅಥವಾ ಹತ್ತಿರದ ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ಇದ್ದರೆ ಆ ಒಂದು ಕೀಲಿ ಒತ್ತಿ ಹಿಡಿದರೂ ಆರಂಭದ ಅಭ್ಯಾಸಕ್ಕೆ ಸಾಕು. ಹಳೆಯ ಪೆಟ್ಟಿಗೆಯ ರೀಡ್‌ಗಳು ಟ್ಯೂನರಿನ ಅಳತೆಗೆ (ಎ ಅಂದರೆ 440 ಹರ್ಟ್ಸ್) ಕೂರದೆ ಇರಬಹುದು. ಆಗ ಟ್ಯೂನರ್ ಬದಿಗಿಟ್ಟು ಗಿಟಾರನ್ನೇ ಪೆಟ್ಟಿಗೆಗೆ ಶ್ರುತಿ ಮಾಡಿಕೊಳ್ಳಿ.

ಟ್ರ್ಯಾಕನ್ನು ನೀವೇ ಮಾಡಿಕೊಳ್ಳಿ

ಸೋಲೊ ಅಭ್ಯಾಸಕ್ಕೆ ಹಿಂದೆ ಹಾಕಿಕೊಳ್ಳುವ ಸಿದ್ಧ ಬ್ಯಾಕಿಂಗ್ ಟ್ರ್ಯಾಕ್‌ಗಳು ಅಂತರ್ಜಾಲದಲ್ಲಿ ಸಾವಿರಗಟ್ಟಲೆ ಇವೆ. ಮೊದಲ ಆರು ವಾರ ಅವುಗಳ ಹತ್ತಿರ ಹೋಗಬೇಡಿ. ಡ್ರಮ್ಸ್, ಕೀಬೋರ್ಡ್, ನಾಲ್ಕೈದು ಕಾರ್ಡ್ ತುಂಬಿದ ಟ್ರ್ಯಾಕಿನಲ್ಲಿ ಏನು ನುಡಿಸಿದರೂ ಚೆನ್ನಾಗಿ ಕೇಳುತ್ತದೆ, ಹಾಗಾಗಿ ಕಿವಿ ಕಲಿಯುವುದಿಲ್ಲ. ನೀವೇ ಮಾಡುವ ಟ್ರ್ಯಾಕಿಗೆ ಒಂದು ಲೂಪರ್ ಪೆಡಲ್ ಸಾಕು. ಪೆಡಲ್ ಇಲ್ಲದಿದ್ದರೆ ಫೋನಿನ ರೆಕಾರ್ಡರ್ ಮತ್ತು ಅದನ್ನು ಮತ್ತೆ ಮತ್ತೆ ನುಡಿಸುವ ಯಾವುದಾದರೂ ಆ್ಯಪ್ ಆದೀತು.

ಎಲ್ಲ ಟ್ರ್ಯಾಕಿಗೂ ಒಂದೇ ಅಚ್ಚು: ನಾಲ್ಕು ಬೀಟಿನ ಬಾರ್, ಮೆಟ್ರೋನೋಮ್ 72, ನಾಲ್ಕು ಬಾರ್‌ಗೆ ಒಂದು ಸುತ್ತು. ಮೊದಲ ಮೂರು ಬಾರ್ ಎ ಕಾರ್ಡ್, ನಾಲ್ಕನೇ ಬಾರ್ ಇನ್ನೊಂದು ಕಾರ್ಡ್. 5ನೇ ತಂತಿಯನ್ನು ಒತ್ತದೆ ಪ್ರತಿ ಬಾರಿನ ಮೊದಲ ಬೀಟಿಗೆ ಹೆಬ್ಬೆರಳಿನಿಂದ ಮೀಟಿ. ಮೇಲಿನ ಕಾರ್ಡನ್ನು 4, 3, 2ನೇ ತಂತಿಗಳಲ್ಲಿ ಮಾತ್ರ ನುಡಿಸಿ. 6 ಮತ್ತು 1ನೇ ತಂತಿ ಮೊಳಗಬಾರದು. ಎ ಮೇಜರ್ ಆದರೆ ಆ ಮೂರು ತಂತಿಗಳ ಮೇಲೆ 2-2-2ನೇ ಫ್ರೆಟ್, ಎ ಮೈನರ್ ಆದರೆ 2-2-1. ಎರಡನೇ ಕಾರ್ಡ್ ಹೀಗೆ:

ಲಿಡಿಯನ್: ಎ ಮೇಜರ್, ನಂತರ 4-4-4, ಅಂದರೆ ಬಿ ಮೇಜರ್.
ಅಯೋನಿಯನ್: ಎ ಮೇಜರ್, ನಾಲ್ಕನೇ ಬಾರಿನಲ್ಲಿ ಎರಡು ಬೀಟ್ 7-7-7 ಡಿ ಮೇಜರ್, ಎರಡು ಬೀಟ್ 9-9-9 ಇ ಮೇಜರ್.
ಮಿಕ್ಸೊಲಿಡಿಯನ್: ಎ ಮೇಜರ್, ನಂತರ 5-4-3, ಜಿ ಮೇಜರ್.
ಡೋರಿಯನ್: ಎ ಮೈನರ್, ನಂತರ 7-7-7, ಡಿ ಮೇಜರ್.
ಇಯೋಲಿಯನ್: ಎ ಮೈನರ್; ನಾಲ್ಕನೇ ಬಾರಿನಲ್ಲಿ ಎರಡು ಬೀಟ್ 3-2-1 ಎಫ್ ಮೇಜರ್, ಎರಡು ಬೀಟ್ 5-4-3 ಜಿ ಮೇಜರ್.
ಫ್ರಿಜಿಯನ್: ಎ ಮೈನರ್, ನಂತರ 8-7-6, ಬಿ ಫ್ಲಾಟ್ ಮೇಜರ್.

ಎರಡನೇ ಕಾರ್ಡನ್ನು ಸುಮ್ಮನೆ ಆರಿಸಿದ್ದಲ್ಲ. ಪ್ರತಿ ಮೋಡಿಗೂ ಒಂದು ಗುರುತಿನ ಸ್ವರ ಇರುತ್ತದೆ, ಆ ಸ್ವರ ಎರಡನೇ ಕಾರ್ಡಿನೊಳಗೆ ಕೂತಿದೆ. ಡೋರಿಯನ್ನಿನ ಎಫ್ ಶಾರ್ಪ್ ಡಿ ಮೇಜರಿನಲ್ಲಿದೆ, ಮಿಕ್ಸೊಲಿಡಿಯನ್ನಿನ ಜಿ ಜಿ ಮೇಜರಿನಲ್ಲಿ, ಲಿಡಿಯನ್ನಿನ ಡಿ ಶಾರ್ಪ್ ಬಿ ಮೇಜರಿನಲ್ಲಿ, ಫ್ರಿಜಿಯನ್ನಿನ ಬಿ ಫ್ಲಾಟ್ ಅದೇ ಹೆಸರಿನ ಕಾರ್ಡಿನಲ್ಲಿ, ಇಯೋಲಿಯನ್ನಿನ ಎಫ್ ಎಫ್ ಮೇಜರಿನಲ್ಲಿ.

ಎರಡು ಎಚ್ಚರಿಕೆ. ಡೋರಿಯನ್ ಟ್ರ್ಯಾಕಿನಲ್ಲಿ ಡಿ ಮೇಜರ್ ಬದಲು ಡಿ ಸೆವೆಂತ್ ಹಾಕಿದರೆ ಕಿವಿ ಜಿ ಮೇಜರನ್ನು ಕಾಯಲು ಶುರು ಮಾಡುತ್ತದೆ, ಷಡ್ಜ ಕೈತಪ್ಪುತ್ತದೆ. ಲಿಡಿಯನ್ನಿನ ಬಿ ಸೆವೆಂತ್ ಕೂಡ ಹಾಗೆಯೇ, ಇ ಕಡೆ ಎಳೆಯುತ್ತದೆ. ಮೂರು ಸ್ವರದ ಕಾರ್ಡ್ ಸಾಕು, ಏಳನೆಯದನ್ನು ಸೇರಿಸಬೇಡಿ. ಇನ್ನೊಂದು, ಎರಡನೇ ಕಾರ್ಡನ್ನು ಒಂದು ಬಾರ್‌ಗಿಂತ ಹೆಚ್ಚು ಹೊತ್ತು ಹಿಡಿಯಬೇಡಿ. ಬಿ ಫ್ಲಾಟ್ ಮೇಜರ್ ಮೂರು ಬಾರ್ ಮೊಳಗಿದರೆ ಅದೇ ಮನೆಯೆಂದು ಕಿವಿ ಒಪ್ಪಿಕೊಂಡು ಫ್ರಿಜಿಯನ್ ಮಾಯವಾಗುತ್ತದೆ.

ಟ್ರ್ಯಾಕನ್ನು ಫೋನಿನ ಸ್ಪೀಕರಿನಲ್ಲಿ ಹಾಕಿಕೊಂಡು ನುಡಿಸಬೇಡಿ. ಆ ಪುಟ್ಟ ಸ್ಪೀಕರಿಗೆ 110 ಹರ್ಟ್ಸಿನ ತಗ್ಗು ಎ ಸರಿಯಾಗಿ ಹೊರಡಿಸಲು ಬರುವುದಿಲ್ಲ. ಮೇಲಿನ ಕಾರ್ಡ್ ಮಾತ್ರ ಕೇಳುತ್ತದೆ, ಆಧಾರವೇ ಇಲ್ಲದ ಹಾಗೆ ಆಗುತ್ತದೆ. ಹಂಚಿನ ಮನೆಯಲ್ಲಿ ಮಳೆಗಾಲದಲ್ಲಂತೂ ಉಳಿದದ್ದೂ ಕೇಳದು. ಸ್ವಲ್ಪ ದೊಡ್ಡ ಬ್ಲೂಟೂತ್ ಸ್ಪೀಕರ್ ಅಥವಾ ತಂತಿಯ ಹೆಡ್‌ಫೋನ್ ಬಳಸಿ. ಟ್ರ್ಯಾಕ್ ಕೇಳುತ್ತ ಅಕೂಸ್ಟಿಕ್ ನುಡಿಸುವುದಕ್ಕೆ ಬ್ಲೂಟೂತ್ ತೊಂದರೆಯಿಲ್ಲ, ನೀವು ಕೇಳಿದ್ದಕ್ಕೆ ಸರಿಯಾಗಿ ನುಡಿಸುತ್ತೀರಿ. ಎಲೆಕ್ಟ್ರಿಕ್ ಗಿಟಾರನ್ನು ಫೋನಿನ ಆ್ಯಪ್ ಮೂಲಕ ಬ್ಲೂಟೂತ್ ಹೆಡ್‌ಫೋನಿನಲ್ಲಿ ಕೇಳಲು ಹೋದರೆ ಮಾತ್ರ ಮೀಟಿದ್ದು ತಡವಾಗಿ ಕಿವಿಗೆ ಬರುತ್ತದೆ, ತಾಳ ಕೆಡುತ್ತದೆ. ಅಲ್ಲಿ ತಂತಿಯ ಹೆಡ್‌ಫೋನೇ ಆಗಬೇಕು.

ಒಂದೇ ತಂತಿಯ ಮೇಲೆ ಆರು ಮೋಡ್

ಚೌಕಟ್ಟುಗಳನ್ನೆಲ್ಲ ಮರೆತು 5ನೇ ತಂತಿ ಒಂದರಲ್ಲೇ ನುಡಿಸಿ. ಸೊನ್ನೆ ಅಂದರೆ ತಂತಿಯನ್ನು ಒತ್ತದೆ ಮೀಟುವುದು, 12 ಅಂದರೆ ಮೇಲಿನ ಷಡ್ಜ.

ಲಿಡಿಯನ್, 65ನೇ ಮೇಳ ಮೇಚಕಲ್ಯಾಣಿಯ ಸ್ವರಗಳು: 0 2 4 6 7 9 11 12
ಅಯೋನಿಯನ್, 29ನೇ ಮೇಳ ಧೀರಶಂಕರಾಭರಣ: 0 2 4 5 7 9 11 12
ಮಿಕ್ಸೊಲಿಡಿಯನ್, 28ನೇ ಮೇಳ ಹರಿಕಾಂಭೋಜಿ: 0 2 4 5 7 9 10 12
ಡೋರಿಯನ್, 22ನೇ ಮೇಳ ಖರಹರಪ್ರಿಯ: 0 2 3 5 7 9 10 12
ಇಯೋಲಿಯನ್, 20ನೇ ಮೇಳ ನಠಭೈರವಿ: 0 2 3 5 7 8 10 12
ಫ್ರಿಜಿಯನ್, 8ನೇ ಮೇಳ ಹನುಮತೋಡಿ: 0 1 3 5 7 8 10 12

ಸಾಲಿನಿಂದ ಸಾಲಿಗೆ ಇಳಿಯುವಾಗ ಒಂದೇ ಒಂದು ಸ್ವರ ಒಂದು ಫ್ರೆಟ್ ಕೆಳಗೆ ಸರಿಯುತ್ತದೆ. ಮೊದಲು ಪ್ರತಿ ಮಧ್ಯಮ ಶುದ್ಧ ಮಧ್ಯಮವಾಗುತ್ತದೆ, ಆಮೇಲೆ ಕಾಕಲಿ ನಿಷಾದ ಕೈಶಿಕಿಯಾಗುತ್ತದೆ, ಅಂತರ ಗಾಂಧಾರ ಸಾಧಾರಣವಾಗುತ್ತದೆ, ಚತುಃಶ್ರುತಿ ಧೈವತ ಶುದ್ಧವಾಗುತ್ತದೆ, ಕೊನೆಗೆ ರಿಷಭ. ಷಡ್ಜ ಪಂಚಮ ಅಲ್ಲಾಡುವುದಿಲ್ಲ. ಬಾಯಿಪಾಠ ಮಾಡಬೇಕಾದದ್ದು ಏನಾದರೂ ಇದ್ದರೆ ಈ ಐದು ಬದಲಾವಣೆಗಳನ್ನು ಮಾತ್ರ. ಮೇಲಿಂದ ಕೆಳಗೆ ಬರುತ್ತಿದ್ದಂತೆ ಬೆಳಕು ಕಡಿಮೆಯಾಗುತ್ತ ಹೋದ ಅನುಭವ ಆಗುತ್ತದೆ.

ಪ್ರತಿ ಸಾಲನ್ನೂ ನುಡಿಸುವ ಮೊದಲು ಹಾಡಿ. ಸರಿಗಮ ಹೇಳಿದರೂ ಸರಿ, ಬರಿಯ ‘ಆ’ ಎಂದು ಹಾಡಿದರೂ ಸರಿ. ಕಂಠ ಚೆನ್ನಾಗಿರಬೇಕೆಂದಿಲ್ಲ, ಸ್ವರ ಸರಿಯಿದ್ದರೆ ಸಾಕು. ಹಾಡಲು ಆಗದ ಸ್ವರವನ್ನು ಬೆರಳು ಅಂದಾಜಿನಲ್ಲೇ ಒತ್ತುತ್ತಿರುತ್ತದೆ, ಅದು ಸೋಲೊದಲ್ಲಿ ಗೊತ್ತಾಗಿಬಿಡುತ್ತದೆ.

ಕರ್ನಾಟಕ ಸಂಗೀತ ಕಲಿತವರಿಗೆ ಒಂದು ಮಾತು. ಸ್ವರಗಳು ಹೊಂದಿದವೆಂದ ಮಾತ್ರಕ್ಕೆ ಫ್ರಿಜಿಯನ್ ತೋಡಿ ಆಗುವುದಿಲ್ಲ. ತೋಡಿಯ ಗಾಂಧಾರವನ್ನು 3ನೇ ಫ್ರೆಟ್ಟಿನಲ್ಲಿ ಅಲ್ಲಾಡಿಸದೆ ಹಿಡಿದರೆ ರಾಗ ಸತ್ತೇಹೋಗುತ್ತದೆ. ಗಮಕದಲ್ಲಿ ಅದರ ಜೀವ ಇದೆ. ಮೇಳದ ಹೆಸರನ್ನು ಇಲ್ಲಿ ಸ್ವರಸ್ಥಾನ ನೆನಪಿಡುವ ದಾರಿಯಾಗಿ ಮಾತ್ರ ಬಳಸಿದ್ದೇವೆ. ಗಮಕ ಬೇಕೆನಿಸಿದರೆ ಗಿಟಾರಿನಲ್ಲೂ ಬೆಂಡ್ ಇದೆ, ಸ್ಲೈಡ್ ಇದೆ. ಬಂಟ್ವಾಳ ತಾಲೂಕಿನವರಾದ ಕದ್ರಿ ಗೋಪಾಲನಾಥ್ ಸ್ಯಾಕ್ಸೊಫೋನಿನಂಥ ಕೀಲಿಗಳ ವಾದ್ಯದಲ್ಲಿ ಗಮಕ ತಂದು ತೋರಿಸಿದ ನೆಲ ಇದು.

ಡೋರಿಯನ್ ಒಂದನ್ನು ಹತ್ತಿರದಿಂದ

ಮೊದಲ ಮೋಡ್ ಡೋರಿಯನ್ ಆಗಲಿ. ಮೈನರ್ ಪೆಂಟಟೋನಿಕ್ ಗೊತ್ತಿದ್ದವರಿಗೆ ಇದು ಹತ್ತಿರ, ಎಫ್ ಶಾರ್ಪ್ ಬಂದ ತಕ್ಷಣ ಬಣ್ಣ ಬದಲಾಗುವುದು ಸ್ಪಷ್ಟವಾಗಿ ಕೇಳುತ್ತದೆ.

ಟ್ರ್ಯಾಕ್ ಹಾಕಿ. ಮೊದಲ ಎರಡು ಮೂರು ಸುತ್ತು ಏನೂ ನುಡಿಸದೆ ಎ ಸ್ವರವನ್ನು ಗುನುಗಿ. ಮಧ್ಯದಲ್ಲಿ ಟ್ರ್ಯಾಕ್ ನಿಲ್ಲಿಸಿ, ಗುನುಗುತ್ತಿದ್ದದ್ದು ನಿಂತಿದೆಯೋ ಸರಿದಿದೆಯೋ ಗಿಟಾರಿನಲ್ಲಿ ನೋಡಿ. ಅದು ನಿಂತ ಮೇಲೆ 5ನೇ ಫ್ರೆಟ್ಟಿನ ಸುತ್ತ ಈ ಐದು ಜಾಗಗಳನ್ನು ಮಾತ್ರ ಹಿಡಿಯಿರಿ: 3ನೇ ತಂತಿಯಲ್ಲಿ 5 ಮತ್ತು 7, 2ನೇ ತಂತಿಯಲ್ಲಿ 5, 7 ಮತ್ತು 8. ಅವು ಸಿ, ಡಿ, ಇ, ಎಫ್ ಶಾರ್ಪ್, ಜಿ.

ಮೊದಲ ಬಾರಿನಲ್ಲಿ ಸಿ, ಡಿ ಒಂದೊಂದು ಬೀಟ್, ಇ ಎರಡು ಬೀಟ್. ಎರಡನೇ ಬಾರ್ ಪೂರ್ತಿ ಮೌನ. ಮೂರನೇ ಬಾರಿನಲ್ಲಿ ಮೂರು ಬೀಟ್ ಇ, ನಾಲ್ಕನೆಯದಕ್ಕೆ ಜಿ. ನಾಲ್ಕನೇ ಬಾರಿನ ಮೊದಲ ಬೀಟಿಗೆ, ಡಿ ಮೇಜರ್ ಬಂದ ಅದೇ ಕ್ಷಣಕ್ಕೆ, 2ನೇ ತಂತಿಯ 7ನೇ ಫ್ರೆಟ್ಟಿನ ಎಫ್ ಶಾರ್ಪ್. ಬಾರ್ ಮುಗಿಯುವ ತನಕ ಹಿಡಿಯಿರಿ. ಮತ್ತೆ ಸುತ್ತು ಶುರುವಾಗುವಾಗ 3ನೇ ತಂತಿಯ 5ನೇ ಫ್ರೆಟ್ಟಿನ ಸಿಗೆ ಇಳಿಯಿರಿ. ಹತ್ತು ಸುತ್ತು ಹೀಗೆಯೇ. ಆಮೇಲೆ ಮೊದಲ ಮತ್ತು ಮೂರನೇ ಬಾರನ್ನು ನಿಮ್ಮ ಇಷ್ಟದಂತೆ ಬದಲಿಸಿ. ಎರಡನೇ ಬಾರಿನ ಮೌನ, ನಾಲ್ಕನೇ ಬಾರಿನ ಎಫ್ ಶಾರ್ಪ್ ಇವೆರಡನ್ನು ಮುಟ್ಟಬೇಡಿ.

ಈಗ ಬೇಕೆಂದೇ ಅದೇ ಜಾಗದಲ್ಲಿ 6ನೇ ಫ್ರೆಟ್ ಒತ್ತಿ. ಡಿ ಮೇಜರಿನೊಳಗಿನ ಎಫ್ ಶಾರ್ಪಿಗೆ ನಿಮ್ಮ ಎಫ್ ಢಿಕ್ಕಿ ಹೊಡೆಯುತ್ತದೆ, ಕಿವಿಗೆ ಚುಚ್ಚುತ್ತದೆ. ಇನ್ನು ಇಯೋಲಿಯನ್ ಟ್ರ್ಯಾಕ್ ಹಾಕಿ ಅದೇ ಸಾಲನ್ನು ನುಡಿಸಿ, ನಾಲ್ಕನೇ ಬಾರ್‌ಗೆ ಅದೇ 6ನೇ ಫ್ರೆಟ್. ಎಫ್ ಕಾರ್ಡಿನ ಮೇಲೆ ಅದು ಹಾಯಾಗಿ ಕೂರುತ್ತದೆ. ಎರಡು ಮೋಡ್‌ಗಳ ನಡುವೆ ಇರುವ ಅಂತರ ಆ ಒಂದು ಫ್ರೆಟ್ ಅಷ್ಟೇ. ಇದನ್ನು ಕಿವಿಯಿಂದ ಹಿಡಿದವರಿಗೆ ಉಳಿದ ನಾಲ್ಕು ಕಷ್ಟವಲ್ಲ.

ಗೊತ್ತಿರುವ ಪೆಂಟಟೋನಿಕ್‌ಗೆ ಎರಡು ಸ್ವರ

ಕೈಗೆ ಬಂದ ಚೌಕಟ್ಟನ್ನು ಎಸೆಯಬೇಕಿಲ್ಲ. 5ನೇ ಫ್ರೆಟ್ಟಿನ ಎ ಮೈನರ್ ಪೆಂಟಟೋನಿಕ್‌ನಲ್ಲಿ ಎ, ಸಿ, ಡಿ, ಇ, ಜಿ ಇವೆ. ಮೈನರ್ ಜಾತಿಯ ಮೂರು ಮೋಡ್‌ಗಳಿಗೂ ಈ ಐದು ಸಮಾನ, ಎರಡು ಸ್ವರ ಸೇರಿಸಿದರೆ ಮೋಡ್ ಪೂರ್ತಿ. ಡೋರಿಯನ್ನಿಗೆ ಬಿ ಮತ್ತು ಎಫ್ ಶಾರ್ಪ್: ಬಿ ಸಿಗುವುದು 6 ಮತ್ತು 1ನೇ ತಂತಿಯ 7ರಲ್ಲಿ, 3ನೇ ತಂತಿಯ 4ರಲ್ಲಿ, ಎಫ್ ಶಾರ್ಪ್ 4ನೇ ತಂತಿಯ 4ರಲ್ಲಿ, 2ನೇ ತಂತಿಯ 7ರಲ್ಲಿ. ಇಯೋಲಿಯನ್ನಿಗೆ ಬಿ ಹಾಗೇ ಇರಲಿ, ಎಫ್ ಶಾರ್ಪ್ ಬದಲು ಎಫ್: 5ನೇ ತಂತಿಯ 8, 2ನೇ ತಂತಿಯ 6. ಫ್ರಿಜಿಯನ್ನಿಗೆ ಎಫ್ ಹಾಗೇ ಇರಲಿ, ಬಿ ಬದಲು ಬಿ ಫ್ಲಾಟ್: 6 ಮತ್ತು 1ನೇ ತಂತಿಯ 6, 3ನೇ ತಂತಿಯ 3.

ಮೇಜರ್ ಜಾತಿಗೆ ಎ ಮೇಜರ್ ಪೆಂಟಟೋನಿಕ್, 6ನೇ ತಂತಿಯಿಂದ 1ನೆಯದರ ತನಕ ಕ್ರಮವಾಗಿ 5-7, 4-7, 4-7, 4-6, 5-7, 5-7. ಮಿಕ್ಸೊಲಿಡಿಯನ್ನಿಗೆ ಇದರ ಜೊತೆ ಡಿ (5ನೇ ತಂತಿಯ 5, 3ನೇ ತಂತಿಯ 7) ಮತ್ತು ಜಿ (4ನೇ ತಂತಿಯ 5, 2ನೇ ತಂತಿಯ 8). ಅಯೋನಿಯನ್ನಿಗೆ ಜಿ ಬದಲು ಜಿ ಶಾರ್ಪ್, 4ನೇ ತಂತಿಯ 6. ಲಿಡಿಯನ್ನಿಗೆ ಡಿ ಕೂಡ ಒಂದು ಫ್ರೆಟ್ ಮೇಲೆ ಹೋಗಿ ಡಿ ಶಾರ್ಪ್ ಆಗುತ್ತದೆ.

ಡೋರಿಯನ್ ಆದ ಮೇಲೆ ಮಿಕ್ಸೊಲಿಡಿಯನ್, ನಂತರ ಇಯೋಲಿಯನ್, ಲಿಡಿಯನ್, ಫ್ರಿಜಿಯನ್ ಎಂಬ ಕ್ರಮ ಒಳ್ಳೆಯದು. ಅಯೋನಿಯನ್ ಕೊನೆಗೆ ಬರಲಿ. ಎಲ್ಲರಿಗೂ ಗೊತ್ತಿರುವ ಮೇಜರ್ ಸ್ಕೇಲ್ ಸೋಲೊ ಕಟ್ಟಲು ಎಲ್ಲಕ್ಕಿಂತ ಕಷ್ಟ. ಎ ಮೇಜರ್ ಕಾರ್ಡಿನ ಮೇಲೆ ಡಿ ಸ್ವರವನ್ನು ಹಿಡಿದು ನಿಂತರೆ ಕಾರ್ಡಿನ ಸಿ ಶಾರ್ಪಿಗೆ ತಿಕ್ಕುತ್ತದೆ. ಅದನ್ನು ದಾಟುವ ಸ್ವರವಾಗಿಯೇ ಬಳಸಬೇಕು. ಲಿಡಿಯನ್ನಿನ ಡಿ ಶಾರ್ಪಿಗೆ ಆ ಕಾಟವಿಲ್ಲ, ಎಷ್ಟು ಹೊತ್ತು ಬೇಕಾದರೂ ತೇಲುತ್ತ ನಿಲ್ಲುತ್ತದೆ.

ಎಲ್ಲಿ ಕೆಡುತ್ತದೆ

ಅತಿ ಹೆಚ್ಚು ಕಾಣುವ ತಪ್ಪೆಂದರೆ ಸ್ಕೇಲನ್ನು ಹತ್ತಿ ಇಳಿಯುತ್ತ ಅದನ್ನೇ ಮನೋಧರ್ಮ (ಆ ಕ್ಷಣಕ್ಕೆ ಕಟ್ಟಿ ನುಡಿಸುವುದು) ಎಂದುಕೊಳ್ಳುವುದು. ಒಂದು ನಿಯಮ ಹಾಕಿಕೊಳ್ಳಿ: ಒಂದೇ ದಿಕ್ಕಿನಲ್ಲಿ ಸಾಲಾಗಿ ಮೂರು ಸ್ವರ ಆದ ಮೇಲೆ ತಿರುಗಬೇಕು, ಇಲ್ಲವೇ ಹಾರಬೇಕು, ಇಲ್ಲವೇ ನಿಲ್ಲಬೇಕು. ಎರಡು ಬಾರ್ ನುಡಿಸಿದರೆ ಎರಡು ಬಾರ್ ಬಿಡಿ. ಬಿಟ್ಟಾಗ ಟ್ರ್ಯಾಕ್ ಏನು ಹೇಳುತ್ತಿದೆ ಎಂದು ಕೇಳಿಸಿಕೊಳ್ಳಿ.

ಗುರುತಿನ ಸ್ವರವನ್ನು ಹೆದರಿ ಬಿಟ್ಟುಬಿಡುವುದು ಎರಡನೆಯ ತಪ್ಪು. ಪೆಂಟಟೋನಿಕ್ ಸುರಕ್ಷಿತ, ಕೈ ಅಲ್ಲಿಗೇ ಓಡುತ್ತದೆ. ಇನ್ನೊಂದು ಫೋನಿನಲ್ಲಿ ಐದು ನಿಮಿಷ ರೆಕಾರ್ಡ್ ಮಾಡಿ ಮರುದಿನ ಕೇಳಿ. ಟ್ರ್ಯಾಕನ್ನು ಕಿವಿಯಿಂದ ತೆಗೆದರೂ ನಿಮ್ಮ ಸಾಲುಗಳಿಂದಲೇ ಮೋಡ್ ಗೊತ್ತಾಗುತ್ತದೆಯೇ? ಇಲ್ಲವಾದರೆ ಆ ಸ್ವರ ಕಡಿಮೆಯಾಗಿದೆ, ಅಥವಾ ಗಟ್ಟಿ ಬೀಟಿನ ಮೇಲೆ ಬಂದಿಲ್ಲ.

ಮೂರನೆಯದು ಶ್ರುತಿ, ಅದರಲ್ಲೂ ನಮ್ಮ ಕರಾವಳಿಯಲ್ಲಿ. ಅಕೂಸ್ಟಿಕ್ ಗಿಟಾರಿನ ಮರಕ್ಕೆ ಶೇ 45ರಿಂದ 55ರ ತೇವಾಂಶ ಹಿತ. ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿ ಶೇ 85 ದಾಟುವುದು ಸಾಮಾನ್ಯ. ಮೇಲಿನ ಹಲಗೆ ಉಬ್ಬುತ್ತದೆ, ತಂತಿ ಫ್ರೆಟ್ಟಿನಿಂದ ಎತ್ತರಕ್ಕೆ ಏರುತ್ತದೆ, ಒತ್ತುವಾಗ ಹೆಚ್ಚು ಎಳೆದುಕೊಂಡು ಸ್ವರ ಏರುತ್ತದೆ. ಸುಮ್ಮನೆ ಕಾರ್ಡ್ ನುಡಿಸುವಾಗ ಗೊತ್ತಾಗದ ಈ ದೋಷ ಶ್ರುತಿಯ ಮೇಲೆ ಒಂಟಿ ಸ್ವರ ಹಿಡಿದಾಗ ಎದ್ದು ಕೇಳುತ್ತದೆ. ಪರೀಕ್ಷೆ ಹೀಗೆ: 5ನೇ ತಂತಿಯ 12ನೇ ಫ್ರೆಟ್ಟಿನ ನೇರಕ್ಕೆ ಬೆರಳು ಮುಟ್ಟಿಸಿ ಹಾರ್ಮೋನಿಕ್ ಬರಿಸಿ, ಆಮೇಲೆ ಅದೇ ಫ್ರೆಟ್ ಒತ್ತಿ ಮೀಟಿ. ಎರಡೂ ಒಂದೇ ಆಗಿರಬೇಕು. ವ್ಯತ್ಯಾಸವಿದ್ದರೆ ಮೊದಲು ಹಳೆಯ ತಂತಿ ಬದಲಿಸಿ ನೋಡಿ, ತುಕ್ಕು ಹಿಡಿದ ತಂತಿಯ ದಪ್ಪ ಒಂದೇ ಸಮ ಇರುವುದಿಲ್ಲ. ಹೊಸ ತಂತಿಯಲ್ಲೂ ಉಳಿದರೆ ಎತ್ತರ ಸರಿಪಡಿಸಲು ರಿಪೇರಿಯವರಿಗೆ ಕೊಡಿ. ನುಡಿಸಿದ ಮೇಲೆ ಒಣ ಬಟ್ಟೆಯಲ್ಲಿ ತಂತಿಯ ಅಡಿಭಾಗವನ್ನೂ ಸೇರಿಸಿ ಒರೆಸುವುದು, ಗಿಟಾರನ್ನು ಗೋಡೆಗೆ ಒರಗಿಸದೆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಟ್ಟಿ ಪೆಟ್ಟಿಗೆಯಲ್ಲಿ ಇಡುವುದು ಇಲ್ಲಿ ಮರೆಯಬಾರದ ಎರಡು ಅಭ್ಯಾಸ.

ದಿನದ ಅರ್ಧ ಗಂಟೆ

ವಾರಕ್ಕೆ ಒಂದು ಮೋಡ್ ಸಾಕು. ಅರ್ಧ ಗಂಟೆಯಲ್ಲಿ ಐದು ನಿಮಿಷ ಶ್ರುತಿ ಹಿಡಿದು ಹಾಡುವುದು, ಹತ್ತು ನಿಮಿಷ ಒಂದೇ ತಂತಿ, ಹತ್ತು ನಿಮಿಷ ಚೌಕಟ್ಟಿನಲ್ಲಿ, ಉಳಿದ ಐದು ನಿಮಿಷ ರೆಕಾರ್ಡಿಂಗ್. ಆರು ವಾರ ಕಳೆದ ಮೇಲೆ ಬರಿಯ ಎ ಶ್ರುತಿ ಹಾಕಿ, ಕಾರ್ಡ್ ಇಲ್ಲದೆ, ಲಿಡಿಯನ್‌ನಿಂದ ಫ್ರಿಜಿಯನ್ ತನಕ ಎರಡೆರಡು ನಿಮಿಷ ಇಳಿಯಿರಿ. ಒಂದರಿಂದ ಇನ್ನೊಂದಕ್ಕೆ ದಾಟುವಾಗ ಬದಲಾಗುವ ಆ ಒಂದು ಸ್ವರದ ಮೇಲೆಯೇ ನಿಂತು ದಾಟಿ. ಮೊದಲು ಹೇಳಿದ ಸಿದ್ಧ ಟ್ರ್ಯಾಕ್‌ಗಳನ್ನು ಈಗ ಬಳಸಬಹುದು. ಮೇಲೆ ಬರೆದ ಹೆಸರನ್ನು ನಂಬದೆ, ಮೊದಲು ಗುನುಗಿ ಷಡ್ಜ ಹುಡುಕಿ; ಡೋರಿಯನ್ ಎಂದು ಹೆಸರಿಟ್ಟು ಮೇಜರ್ ಕಾರ್ಡಿಗೆ ಹೋಗಿ ನಿಲ್ಲುವ ಟ್ರ್ಯಾಕ್‌ಗಳು ಬೇಕಾದಷ್ಟಿವೆ.

ನಂತರ ಷಡ್ಜವನ್ನೇ ಸರಿಸಬೇಕು. 1959ರಿಂದೀಚೆ ಜಾಝ್‌ನಲ್ಲಿ ಹೆಸರಾದ ಒಂದು ರಚನೆ ಇದಕ್ಕೆ ತಕ್ಕದ್ದು: 16 ಬಾರ್ ಒಂದು ಷಡ್ಜದ ಡೋರಿಯನ್, 8 ಬಾರ್ ಅರ್ಧ ಸ್ವರ ಮೇಲೆ, ಮತ್ತೆ 8 ಬಾರ್ ಮೊದಲಿನದು. ನಮ್ಮ ಲೆಕ್ಕದಲ್ಲಿ ಎ, ಬಿ ಫ್ಲಾಟ್, ಎ. ಚೌಕಟ್ಟನ್ನು ಒಂದು ಫ್ರೆಟ್ ಜಾರಿಸಿದರೆ ಬೆರಳಿನ ಕೆಲಸ ಮುಗಿಯಿತು, ಆದರೆ ಬದಲಾಗುವ ಜಾಗದಲ್ಲಿ ಒಂದು ಸಾಲನ್ನು ಮುರಿಯದೆ ದಾಟಿಸುವುದಕ್ಕೆ ವಾರಗಳು ಬೇಕು.

ಜೊತೆಗೆ ನುಡಿಸುವವರು ಒಬ್ಬರು ಸಿಕ್ಕರೆ ಟ್ರ್ಯಾಕ್ ಬಂದ್ ಮಾಡಿ. ಒಬ್ಬರು 5ನೇ ತಂತಿಯನ್ನು ಮೀಟುತ್ತ, ಮೇಲೆ ಬರೆದ ಎರಡನೇ ಕಾರ್ಡ್‌ಗಳಲ್ಲಿ ಯಾವುದನ್ನು ತರುತ್ತೇನೆಂದು ಹೇಳದೆ ಬದಲಿಸುತ್ತಿರಲಿ. ಇನ್ನೊಬ್ಬರು ಕಾರ್ಡ್ ಬಂದ ಮೇಲೆ ಒಂದು ಬಾರ್ ಸುಮ್ಮನಿದ್ದು, ಗುರುತಿನ ಸ್ವರದಿಂದಲೇ ಮಾತು ಶುರು ಮಾಡಲಿ. ತಪ್ಪಿದರೆ ನಿಲ್ಲಿಸಬೇಡಿ, ಮುಂದಿನ ಸುತ್ತಿಗೆ ಅದೇ ಕಾರ್ಡ್ ಮತ್ತೊಮ್ಮೆ ಕೊಡಿ.